ನಲವತ್ತು ನಿಮಿಷದ ಹಾರಾಟ ಯಾಕೆ ಅಷ್ಟೊಂದು ತಡವಾಗುತ್ತದೆ?

ಹತ್ತಿರದ ಊರಿಗೆ ವಿಮಾನದಲ್ಲಿ ಹೋಗಿಬಂದವರನ್ನು ‘ಹೇಗಿತ್ತು?’ ಅಂತ ಕೇಳಿ ನೋಡಿ. ಹೆಚ್ಚುಕಮ್ಮಿ ಒಂದೇ ಉತ್ತರ ಬರುತ್ತದೆ. ವಿಮಾನದ ಒಳಗೆ ಎಲ್ಲ ಚೆನ್ನಾಗಿತ್ತು, ಸಿಬ್ಬಂದಿ ನಗುನಗುತ್ತಾ ಮಾತಾಡಿಸಿದರು, ಕೇಳಿದ ತಕ್ಷಣ ನೀರು ಕೊಟ್ಟರು. ಏರ್‌ಪೋರ್ಟಿನಲ್ಲಿ ಮಾತ್ರ ಸಾಕುಸಾಕಾಯ್ತು. ಒಂದೂವರೆ ಗಂಟೆ ತಡ, ಯಾಕೆ ಅಂತ ಯಾರೂ ಸರಿಯಾಗಿ ಹೇಳಲಿಲ್ಲ. ಇಷ್ಟು ಹೇಳಿ ಕಂಪನಿಗೆ ನಾಲ್ಕು ಸ್ಟಾರ್ ಕೊಡುತ್ತಾರೆ, ಬೈಗುಳವನ್ನೆಲ್ಲ ಏರ್‌ಪೋರ್ಟಿನ ತಲೆಗೆ ಕಟ್ಟುತ್ತಾರೆ.

ಈ ಲೆಕ್ಕದಲ್ಲಿ ಎಡವಟ್ಟಿದೆ. ನಾವು ಕಾಯುವುದು ಏರ್‌ಪೋರ್ಟಿನಲ್ಲಿ, ನಿಜ. ಆದರೆ ಆ ಕಾಯುವಿಕೆಯ ದೊಡ್ಡ ಪಾಲು ಹುಟ್ಟುವುದು ವೇಳಾಪಟ್ಟಿ ಬರೆಯುವವರ ಮೇಜಿನ ಮೇಲೆ, ಅದೂ ತಿಂಗಳುಗಳ ಮೊದಲೇ. ಒಂದು ವಿಮಾನದಿಂದ ದಿನಕ್ಕೆ ಎಷ್ಟು ಹಾರಾಟ ಹಿಂಡಬೇಕು, ನಡುವೆ ಎಷ್ಟು ಬಿಡುವು ಇಡಬೇಕು, ಹೆಚ್ಚುವರಿ ವಿಮಾನ ಇಟ್ಟುಕೊಳ್ಳಬೇಕೋ ಬೇಡವೋ ಅಂತ ತೀರ್ಮಾನಿಸುವುದು ಅದೇ ನಾಲ್ಕು ಸ್ಟಾರ್‌ನ ಕಂಪನಿ.

ಟಿಕೆಟ್ ಮೇಲಿನ ಸಮಯದಿಂದಲೇ ಶುರು ಮಾಡೋಣ. ಹೊರಡುವ ಸಮಯ 7 ಗಂಟೆ ಅಂತ ಇದ್ದರೆ 7ಕ್ಕೆ ವಿಮಾನ ಮೇಲೇರುತ್ತದೆ ಅಂತಲ್ಲ. ಆ ಹೊತ್ತಿಗೆ ಬಾಗಿಲು ಮುಚ್ಚಿ, ಚಕ್ರದ ಅಡ್ಡಗಟ್ಟೆ ತೆಗೆದು, ನಿಂತ ಜಾಗದಿಂದ ವಿಮಾನ ಅಲುಗಬೇಕು, ಅಷ್ಟೇ. ತಲುಪುವ ಸಮಯವೂ ಹಾಗೇ. ಚಕ್ರ ರನ್‌ವೇ ಮುಟ್ಟಿದಾಗ ಅಲ್ಲ, ಗೇಟಿಗೆ ಬಂದು ನಿಂತಾಗ. ಈ ಎರಡರ ನಡುವಿನ ಹೊತ್ತಿಗೆ ಬ್ಲಾಕ್ ಟೈಮ್ ಅನ್ನುತ್ತಾರೆ.

ಒಂದು ಉದಾಹರಣೆ ಇಟ್ಟುಕೊಳ್ಳಿ. ಗಾಳಿಯಲ್ಲಿ ಇರುವುದು 40 ನಿಮಿಷ. ಗೇಟಿನಿಂದ ರನ್‌ವೇಗೆ ಹೋಗಲು 12 ನಿಮಿಷ, ಇಳಿದ ಮೇಲೆ ಗೇಟಿಗೆ ಬರಲು 5 ನಿಮಿಷ. ಒಟ್ಟು 57. ಟಿಕೆಟ್ ಮೇಲೆ ಮಾತ್ರ 1 ಗಂಟೆ 10 ನಿಮಿಷ ಅಂತ ಇರುತ್ತದೆ. ಉಳಿದ 13 ನಿಮಿಷ ಕಂಪನಿ ತನಗಾಗಿ ಸೇರಿಸಿಕೊಂಡ ಮೀಸಲು, ಅವರ ಭಾಷೆಯಲ್ಲಿ ಪ್ಯಾಡಿಂಗ್. ಎಲ್ಲ ಸರಿಯಾಗಿ ನಡೆದ ದಿನ ‘ನಿಗದಿಗಿಂತ ಮೊದಲೇ ಬಂದಿದ್ದೇವೆ’ ಅಂತ ಪೈಲಟ್ ಹೆಮ್ಮೆಯಿಂದ ಹೇಳುತ್ತಾರಲ್ಲ, ಆ ಮೊದಲು ಬರುವುದಕ್ಕೆ ಎಷ್ಟೋ ಸಲ ಕಾರಣ ಇದೇ.

ಇದರ ಮೇಲೆ ಇನ್ನೂ ಒಂದು ರಿಯಾಯಿತಿ ಇದೆ. ಅಮೆರಿಕದ ಸಾರಿಗೆ ಇಲಾಖೆಯ ಲೆಕ್ಕದಲ್ಲಿ, ನಿಗದಿತ ಸಮಯ ಕಳೆದು 15 ನಿಮಿಷ ಆಗುವುದರೊಳಗೆ ಬಂದ ವಿಮಾನ ‘ಸಮಯಕ್ಕೆ ಸರಿಯಾಗಿ’ ಬಂದಂತೆ. ಬೇರೆ ದೇಶಗಳಲ್ಲೂ ಹೆಚ್ಚಾಗಿ ಇದೇ ಅಳತೆ. ಹನ್ನೆರಡು ಗಂಟೆಯ ಪ್ರಯಾಣಕ್ಕೆ 15 ನಿಮಿಷ ಏನೂ ಅಲ್ಲ. ನಲವತ್ತು ನಿಮಿಷದ ಹಾರಾಟಕ್ಕೆ ಅದು ಮೂರನೇ ಒಂದು ಭಾಗಕ್ಕಿಂತ ಜಾಸ್ತಿ. ಎರಡಕ್ಕೂ ಒಂದೇ ಅಳತೆಗೋಲು ಇಡುವುದು ನ್ಯಾಯವೇ ಅಂತ ಕೇಳುವವರು ಕಡಿಮೆ.

ಎಲ್ಲರನ್ನೂ ಹತ್ತಿಸಿ, ಬಾಗಿಲು ಮುಚ್ಚಿ, ಸ್ವಲ್ಪ ಮುಂದೆ ತಂದು ನಿಲ್ಲಿಸಿ ಅರ್ಧ ಗಂಟೆ ಕೂರಿಸುವುದರ ಗುಟ್ಟು ಸ್ವಲ್ಪ ಮಟ್ಟಿಗೆ ಇಲ್ಲೇ ಇದೆ. ಗೇಟು ಮುಂದಿನ ವಿಮಾನಕ್ಕೆ ಖಾಲಿಯಾಗುತ್ತದೆ, ಹಾರಲು ಅನುಮತಿ ಬೇಗ ಸಿಕ್ಕರೆ ತಕ್ಷಣ ಹೊರಡಬಹುದು. ಜೊತೆಗೆ, ಕಾಗದದ ಮೇಲೆ ಹೊರಟ ಸಮಯ ಸರಿಯಾಗಿಯೇ ಇರುತ್ತದೆ!

ಬೆಳಗ್ಗೆಯ ತಪ್ಪು, ಸಂಜೆಯ ಶಿಕ್ಷೆ

ವಿಮಾನ ಯಾಕೆ ತಡವಾಯಿತು ಅಂತ ದಾಖಲಿಸಲು ಅಂತರರಾಷ್ಟ್ರೀಯ ವಾಯು ಸಾರಿಗೆ ಸಂಘ, ಅಂದರೆ ಐಎಟಿಎ, ಎರಡಂಕಿಯ ಸಂಕೇತಗಳನ್ನು ಮಾಡಿದೆ. ಹವಾಮಾನಕ್ಕೆ ಒಂದು ಗುಂಪು, ತಾಂತ್ರಿಕ ದೋಷಕ್ಕೆ ಒಂದು, ಲಗೇಜಿಗೆ ಒಂದು. ಇವುಗಳಲ್ಲಿ 93 ಅನ್ನುವುದು ಪ್ರತಿದಿನ ಕಿವಿಗೆ ಬೀಳುವ ಸಂಖ್ಯೆ. ‘ಹಿಂದಿನ ಊರಿಂದ ವಿಮಾನವೇ ತಡವಾಗಿ ಬಂತು’ ಅಂತ ಅದರ ಅರ್ಥ. ಯುರೋಪಿನ ವಾಯು ಸಂಚಾರ ಸಂಸ್ಥೆ ಯುರೋಕಂಟ್ರೋಲ್ ಪ್ರಕಟಿಸುವ ವರದಿಗಳನ್ನು ನೋಡಿದರೆ, ಒಟ್ಟು ವಿಳಂಬದಲ್ಲಿ ಹೆಚ್ಚುಕಮ್ಮಿ ಅರ್ಧ ಇಂಥ ಎರವಲು ವಿಳಂಬವೇ. ಅಂದರೆ ನಿಮ್ಮ ಏರ್‌ಪೋರ್ಟಿನಲ್ಲಿ ಆ ಹೊತ್ತಿಗೆ ಏನೂ ಕೆಟ್ಟಿರುವುದಿಲ್ಲ. ಬೇರೆಲ್ಲೋ, ಬೆಳಗ್ಗೆ ಯಾವಾಗಲೋ ಕೆಟ್ಟಿದ್ದು ಈಗ ನಿಮ್ಮ ಗೇಟಿಗೆ ಬಂದಿದೆ.

ಕಡಿಮೆ ದೂರದ ಮಾರ್ಗದಲ್ಲಿ ಇದು ಬೇಗ ಬೆಳೆಯುತ್ತದೆ. ಬ್ಲಾಕ್ ಟೈಮ್ 1 ಗಂಟೆ 10 ನಿಮಿಷ, ನಡುವೆ ನೆಲದ ಮೇಲೆ 30 ನಿಮಿಷ. ಹೀಗೆ ಒಂದು ಸುತ್ತಿಗೆ 1 ಗಂಟೆ 40 ನಿಮಿಷ. ಬೆಳಗ್ಗೆ 6ಕ್ಕೆ ಶುರು ಮಾಡಿದ ವಿಮಾನ ಎಂಟು ಹಾರಾಟ ಮುಗಿಸುವಾಗ ಸಂಜೆ 7 ಆಗುತ್ತಾ ಬಂದಿರುತ್ತದೆ. ಎರಡನೇ ಹಾರಾಟದಲ್ಲಿ 25 ನಿಮಿಷ ಕಳೆದುಕೊಂಡರೆ ಉಳಿದ ಆರಕ್ಕೂ ಅದು ಅಂಟಿಕೊಳ್ಳುತ್ತದೆ. ಪ್ಯಾಡಿಂಗ್ ಸ್ವಲ್ಪ ನುಂಗಿಕೊಳ್ಳಬಹುದು. ಆದರೆ ಸಾಮಾನ್ಯವಾಗಿ ನುಂಗುವುದಕ್ಕಿಂತ ಹೊಸದಾಗಿ ಸೇರುವುದೇ ಜಾಸ್ತಿ, ಯಾಕೆಂದರೆ ತನ್ನ ಸರದಿ ತಪ್ಪಿಸಿಕೊಂಡ ವಿಮಾನ ಪ್ರತಿ ಏರ್‌ಪೋರ್ಟಿನಲ್ಲೂ ಸಾಲಿನ ಹಿಂದೆ ನಿಲ್ಲಬೇಕು.

ಪೈಲಟ್ ಸ್ವಲ್ಪ ಜೋರಾಗಿ ಓಡಿಸಬಾರದಾ? ದೂರದ ಹಾರಾಟದಲ್ಲಿ ಓಡಿಸುತ್ತಾರೆ, ಅದಕ್ಕೆ ಅರ್ಥವೂ ಇದೆ. ಹತ್ತು ಗಂಟೆಯ ಪಯಣದಲ್ಲಿ ವೇಗ 5 ಶೇಕಡ ಹೆಚ್ಚಿಸಿದರೆ ಅರ್ಧ ಗಂಟೆಯಷ್ಟು ಉಳಿಯುತ್ತದೆ. ನಲವತ್ತು ನಿಮಿಷದ ಹಾರಾಟದಲ್ಲಿ ಮೇಲೇರುವುದು, ಇಳಿಯುವುದು ಕಳೆದರೆ ಎತ್ತರದಲ್ಲಿ ಸಮವಾಗಿ ಸಾಗುವುದು ಸುಮಾರು 15 ನಿಮಿಷ. ಅಲ್ಲಿ 5 ಶೇಕಡ ಅಂದರೆ ಮುಕ್ಕಾಲು ನಿಮಿಷ. ‘ಕಳೆದ ಸಮಯವನ್ನು ಗಾಳಿಯಲ್ಲಿ ಸರಿದೂಗಿಸುತ್ತೇವೆ’ ಅನ್ನುವ ಮಾತು ಇಂಥ ಹಾರಾಟದಲ್ಲಿ ಬರೀ ಸಮಾಧಾನಕ್ಕೆ.

ಹಾಗಾದರೆ ನೆಲದ ಮೇಲಿನ ಬಿಡುವನ್ನಾದರೂ ಹೆಚ್ಚಿಸಬಹುದಲ್ವಾ? ಅಲ್ಲೇ ದುಡ್ಡಿನ ಪ್ರಶ್ನೆ ಬರುವುದು. ನಿಂತ ವಿಮಾನ ದುಡಿಯುವುದಿಲ್ಲ. 1972ರಲ್ಲಿ ಅಮೆರಿಕದ ಸೌತ್‌ವೆಸ್ಟ್ ಕಂಪನಿ ಕಷ್ಟದಲ್ಲಿದ್ದಾಗ ತನ್ನ ನಾಲ್ಕು ವಿಮಾನಗಳಲ್ಲಿ ಒಂದನ್ನು ಮಾರಬೇಕಾಯಿತು. ನಾಲ್ಕು ಮಾಡುತ್ತಿದ್ದ ಕೆಲಸವನ್ನು ಮೂರರಿಂದಲೇ ಮಾಡಿಸಲು ಬಂದು, ಇಳಿಸಿ, ಹತ್ತಿಸಿ, ಮತ್ತೆ ಹೊರಡುವುದನ್ನು 10 ನಿಮಿಷಕ್ಕೆ ಇಳಿಸಿದರು. ಕಡಿಮೆ ದರದ ವಿಮಾನಯಾನದ ಇಡೀ ಲೆಕ್ಕಾಚಾರ ನಿಂತಿರುವುದು ಇದೇ ಯೋಚನೆಯ ಮೇಲೆ. ಈಗ 10 ನಿಮಿಷ ಸಾಧ್ಯವಿಲ್ಲ. 180 ಸೀಟಿನ ವಿಮಾನಕ್ಕೆ 25ರಿಂದ 30 ನಿಮಿಷ ಇಟ್ಟರೆ ಅದೇ ಬಿಗಿ. ಎಲ್ಲರೂ ಇಳಿಯಬೇಕು, ಲಗೇಜು ಇಳಿಯಬೇಕು, ಕಸ ತೆಗೆಯಬೇಕು, ಇಂಧನ ತುಂಬಬೇಕು, ಹೊಸ ಲಗೇಜು ಏರಬೇಕು, 180 ಜನ ಹತ್ತಿ ತಲೆಯ ಮೇಲಿನ ಗೂಡುಗಳಲ್ಲಿ ಚೀಲ ತುರುಕಬೇಕು. ಇದರಲ್ಲಿ ಒಂದು ಟ್ರಾಲಿ ತಡವಾದರೂ ಮುಗೀತು.

ಬಾರದ ಒಬ್ಬ ಪ್ರಯಾಣಿಕ

ಈ ಬಿಗಿ ಎಷ್ಟು ನಾಜೂಕು ಅಂತ ತಿಳಿಯಲು ಒಂದೇ ಒಂದು ಸೂಟ್‌ಕೇಸನ್ನು ಹಿಂಬಾಲಿಸಿ. ಒಬ್ಬರು ಚೆಕ್-ಇನ್ ಮಾಡಿದ್ದಾರೆ, ಲಗೇಜು ಕೊಟ್ಟಿದ್ದಾರೆ, ಗೇಟಿಗೆ ಬಂದಿಲ್ಲ. ಅವರನ್ನು ಬಿಟ್ಟು ಹೋದರಾಯ್ತು ಅಂತ ನಮಗೆ ಅನ್ನಿಸುತ್ತದೆ. ಹಾಗೆ ಬಿಡುವಂತಿಲ್ಲ. 1985ರಲ್ಲಿ ಏರ್ ಇಂಡಿಯಾದ ಕನಿಷ್ಕ ವಿಮಾನವನ್ನು ಉರುಳಿಸಿದ ಬಾಂಬು ಇದ್ದದ್ದು ಹೀಗೆಯೇ, ಒಡೆಯ ಹತ್ತದ ಒಂದು ಚೀಲದಲ್ಲಿ. ಆಮೇಲೆ ಬಿಗಿಯಾದ ನಿಯಮಗಳ ಪ್ರಕಾರ ಬಾರದ ಪ್ರಯಾಣಿಕರ ಲಗೇಜನ್ನು ಹುಡುಕಿ ಕೆಳಗಿಳಿಸುತ್ತಾರೆ. ವಿಮಾನದ ಹೊಟ್ಟೆಯಲ್ಲಿ ಒತ್ತೊತ್ತಾಗಿ ಜೋಡಿಸಿದ ಚೀಲಗಳಲ್ಲಿ ಒಂದನ್ನು ಹುಡುಕಬೇಕು. ಹತ್ತು ನಿಮಿಷ, ಹನ್ನೆರಡು ನಿಮಿಷ ಅಲ್ಲೇ ಹೋಗುತ್ತದೆ.

ಹನ್ನೆರಡೇ ಅಲ್ವಾ ಅನ್ನಬೇಡಿ. ಆಕಾಶದಲ್ಲಿ ದಟ್ಟಣೆ ಇರುವ ದಿನ ಯುರೋಪಿನಲ್ಲಿ ಪ್ರತಿ ವಿಮಾನಕ್ಕೂ ನೆಲ ಬಿಡುವ ನಿರ್ದಿಷ್ಟ ಸಮಯ ಕೊಡುತ್ತಾರೆ. ಅದಕ್ಕಿಂತ 5 ನಿಮಿಷ ಮೊದಲು, 10 ನಿಮಿಷ ತಡ, ಇಷ್ಟೇ ಅವಕಾಶದ ಕಿಟಕಿ. ಸೂಟ್‌ಕೇಸು ಸಿಕ್ಕಿ ಬಾಗಿಲು ಮುಚ್ಚುವ ಹೊತ್ತಿಗೆ ಆ ಕಿಟಕಿ ದಾಟಿದ್ದರೆ ಹೊಸ ಸಮಯ ಕೇಳಬೇಕು. ಅದು ಮುಕ್ಕಾಲು ಗಂಟೆ ಆಚೆಗೆ ಇರಬಹುದು. ಹನ್ನೆರಡು ನಿಮಿಷದ ಹುಡುಕಾಟ ಒಂದು ಗಂಟೆಯ ವಿಳಂಬ ಆಗುವುದು ಹೀಗೆ. ಒಳಗೆ ಕೂತವರಿಗೆ ಕೇಳಿಸುವುದು ‘ವಾಯು ಸಂಚಾರ ನಿಯಂತ್ರಣದ ಕಾರಣದಿಂದ’ ಅನ್ನುವ ಒಂದು ಸಾಲು. ಸುಳ್ಳೇನಲ್ಲ. ಪೂರ್ತಿ ನಿಜವೂ ಅಲ್ಲ.

ಇನ್ನು ರನ್‌ವೇ ವಿಷಯ. ನಿಮಿಷಕ್ಕೆ ಒಂದರಂತೆ ಗಂಟೆಗೆ 60 ವಿಮಾನ ನಿಭಾಯಿಸಬಲ್ಲ ರನ್‌ವೇ ಇದೆ ಅಂದುಕೊಳ್ಳಿ. ವಿಮಾನಗಳು ಅಡ್ಡಾದಿಡ್ಡಿಯಾಗಿ ಬರುತ್ತಿದ್ದರೆ, ಸರತಿ ಸಾಲಿನ ಗಣಿತದ ಸರಳ ಸೂತ್ರದ ಪ್ರಕಾರ, ರನ್‌ವೇಯ 80 ಶೇಕಡ ಹೊತ್ತು ಬಳಕೆಯಲ್ಲಿದ್ದಾಗ ಸರಾಸರಿ ಕಾಯುವ ಸಮಯ 4 ನಿಮಿಷ. ಬಳಕೆ 90 ಶೇಕಡಕ್ಕೆ ಏರಿದರೆ 9 ನಿಮಿಷ. 95ಕ್ಕೆ 19. 99ಕ್ಕೆ 99 ನಿಮಿಷ. ನಿಜವಾದ ಏರ್‌ಪೋರ್ಟಿನಲ್ಲಿ ಸಮಯ ಹಂಚಿರುವುದರಿಂದ ಅಂಕಿಗಳು ಇಷ್ಟು ಕೆಟ್ಟದಾಗಿರುವುದಿಲ್ಲ. ಆದರೆ ಏರುವ ರೀತಿ ಇದೇ. ಕೊನೆಯ ಐದು ಶೇಕಡ ಜಾಗ ತುಂಬಿಸುವ ಆಸೆಗೆ ಎಲ್ಲರೂ ತೆರುವ ದಂಡ ಇದು.

ಆ ಆಸೆ ಯಾರಿಗಿಲ್ಲ ಹೇಳಿ? ಲಂಡನ್ನಿನ ಗ್ಯಾಟ್‌ವಿಕ್ ದಶಕಗಳ ಕಾಲ ಒಂದು ಹೊತ್ತಿಗೆ ಒಂದೇ ರನ್‌ವೇ ಬಳಸಿಕೊಂಡು ಬಿಡುವಿಲ್ಲದ ಗಂಟೆಯಲ್ಲಿ 55ರವರೆಗೂ ವಿಮಾನ ಹತ್ತಿಸಿ ಇಳಿಸಿದೆ. ಅದೇ ಊರಿನ ಹೀಥ್ರೂಗೆ ವರ್ಷಕ್ಕೆ 4,80,000 ಹಾರಾಟದ ಮಿತಿ ಇದೆ, ಅದು ಆ ಮಿತಿಗೆ ಅಂಟಿಕೊಂಡೇ ನಡೆಯುತ್ತದೆ. ಮಂಜು ಮುಸುಕಿತು, ಗಾಳಿ ಜೋರಾಯಿತು ಅಂತ ವಿಮಾನಗಳ ನಡುವಿನ ಅಂತರ ಸ್ವಲ್ಪ ಹೆಚ್ಚಿಸಿದರೂ ಸಾಲು ಬೆಳೆಯುತ್ತಲೇ ಹೋಗುತ್ತದೆ. ಕಂಪನಿಗಳೂ ಸರದಿಯನ್ನು ಬಿಟ್ಟುಕೊಡುವುದಿಲ್ಲ. ದಟ್ಟಣೆಯ ಏರ್‌ಪೋರ್ಟುಗಳಲ್ಲಿ ತಮಗೆ ಹಂಚಿದ ಸಮಯದ 80 ಶೇಕಡವನ್ನಾದರೂ ಬಳಸದಿದ್ದರೆ ಮುಂದಿನ ಸಲ ಅದು ಬೇರೆಯವರ ಪಾಲು. ಹಾಗಾಗಿ ಖಾಲಿ ಜಾಗ ಅಂತ ಯಾವುದೂ ಉಳಿಯುವುದಿಲ್ಲ.

ಇಲ್ಲಿ ಕಡಿಮೆ ದೂರದ ಹಾರಾಟಕ್ಕೆ ಇನ್ನೊಂದು ಪೆಟ್ಟು ಇದೆ. ಇದು ಹೆಚ್ಚಿನ ಪ್ರಯಾಣಿಕರಿಗೆ ಗೊತ್ತೇ ಇರುವುದಿಲ್ಲ. ದೊಡ್ಡ ಏರ್‌ಪೋರ್ಟೊಂದರಲ್ಲಿ ಸಂಜೆ ಗುಡುಗು ಮಳೆ ಬರುತ್ತದೆ, ಇಳಿಯುವ ವಿಮಾನಗಳ ಸಂಖ್ಯೆ ಅರ್ಧ ಮಾಡಬೇಕು ಅಂತ ಇಟ್ಟುಕೊಳ್ಳಿ. ಎಂಟು ಗಂಟೆ ದೂರದಿಂದ ಬರುವ ವಿಮಾನ ಆಗಲೇ ಆಕಾಶದಲ್ಲಿದೆ. ಅದನ್ನು ತಡೆಯಲು ಬರುವುದಿಲ್ಲ. ನಲವತ್ತು ನಿಮಿಷದ ದೂರದಲ್ಲಿರುವುದು ಇನ್ನೂ ಗೇಟಿನಲ್ಲೇ ಇದೆ. ಯಾವುದನ್ನು ನಿಲ್ಲಿಸುತ್ತಾರೆ? ಗಾಳಿಯಲ್ಲಿ ಸುತ್ತು ಹೊಡೆಸುವುದಕ್ಕಿಂತ ನೆಲದ ಮೇಲೆ ಕೂರಿಸುವುದು ಸುರಕ್ಷಿತ, ಇಂಧನವೂ ಉಳಿಯುತ್ತದೆ. ಅದೂ ಅಲ್ಲದೆ, 350 ಜನರ ವಿಮಾನಕ್ಕೂ 70 ಜನರ ವಿಮಾನಕ್ಕೂ ರನ್‌ವೇ ಮೇಲೆ ಒಂದೊಂದು ಸರದಿ ಬೇಕೇ ಬೇಕು. ಸರದಿ ಕಡಿಮೆಯಾದಾಗ ಕಂಪನಿ ತನ್ನ ಪಾಲನ್ನು ದೊಡ್ಡ ವಿಮಾನಕ್ಕೆ ಕೊಡುತ್ತದೆ, ಚಿಕ್ಕದನ್ನು ಹಿಂದೆ ತಳ್ಳುತ್ತದೆ ಅಥವಾ ರದ್ದು ಮಾಡುತ್ತದೆ. ಎರಡು ಗಂಟೆ ಬಿಟ್ಟರೆ ಇನ್ನೊಂದು ಇದೆಯಲ್ಲ ಅನ್ನುವುದು ಅವರ ಸಮಾಧಾನ. ನಮ್ಮ ಊರಲ್ಲಿ ಬಿಸಿಲು ಚೆನ್ನಾಗಿದೆ, ಹೋಗುವುದು ಹತ್ತಿರಕ್ಕೆ, ಆದರೂ ಯಾಕೆ ಬಿಡುತ್ತಿಲ್ಲ ಅಂತ ಸಿಟ್ಟಾಗುವವರಿಗೆ ಉತ್ತರ ಇದು: ಹತ್ತಿರ ಆಗಿದ್ದಕ್ಕೇ ಬಿಡುತ್ತಿಲ್ಲ.

ಇಂಥ ಹಾರಾಟಗಳೇ ಬೇಡ ಅನ್ನುವ ವಾದವೂ ಇದೆ. ಫ್ರಾನ್ಸ್ 2021ರಲ್ಲಿ ಕಾನೂನು ಮಾಡಿ 2023ರಲ್ಲಿ ಜಾರಿಗೆ ತಂದಿತು. ಎರಡೂವರೆ ಗಂಟೆಯೊಳಗೆ ರೈಲಿನಲ್ಲಿ ಹೋಗಿ ತಲುಪುವಂತಿದ್ದರೆ ಅಲ್ಲಿಗೆ ವಿಮಾನ ಇಲ್ಲ. ಕಾರಣ ಹೊಗೆ, ವಿಳಂಬ ಅಲ್ಲ. ಷರತ್ತುಗಳೆಲ್ಲ ಕಳೆದು ಕೊನೆಗೆ ನಿಂತದ್ದು ಪ್ಯಾರಿಸ್‌ನ ಓರ್ಲಿಯಿಂದ ಬೋರ್ಡೋ, ನಾಂತ್, ಲಿಯೋನ್‌ಗೆ ಹೋಗುವ ಮೂರು ಮಾರ್ಗ ಮಾತ್ರ. ಮುಂದಿನ ದೂರದ ವಿಮಾನ ಹಿಡಿಯಲು ಬರುವವರ ಹಾರಾಟಗಳನ್ನು ಮುಟ್ಟಲಿಲ್ಲ, ಮತ್ತು ದೊಡ್ಡ ಕಂಪನಿಗಳಿಗೆ ಚಿಕ್ಕ ಹಾರಾಟ ಮುಖ್ಯವಾಗಿ ಬೇಕಿರುವುದೇ ಅವರಿಗೋಸ್ಕರ.

ಹದಿನಾರು ಸೆಕೆಂಡಿನ ಆತಿಥ್ಯ

ಈಗ ಒಳಗಿನ ಸೇವೆಗೆ ಬರೋಣ. ನಲವತ್ತು ನಿಮಿಷದಲ್ಲಿ ಸೀಟ್‌ಬೆಲ್ಟ್ ದೀಪ ಆರಿರುವುದು ಹೆಚ್ಚೆಂದರೆ 25 ನಿಮಿಷ. 180 ಜನ, ಎರಡು ತಳ್ಳುಗಾಡಿ. ಒಂದು ಗಾಡಿಗೆ 90 ಜನ. ಲೆಕ್ಕ ಹಾಕಿದರೆ ಒಬ್ಬರಿಗೆ ಸಿಗುವುದು 16, 17 ಸೆಕೆಂಡು. ಅಷ್ಟರಲ್ಲೇ ಕಣ್ಣಲ್ಲಿ ಕಣ್ಣಿಟ್ಟು ನೋಡಿ, ಕೇಳಿ, ಕೊಟ್ಟು, ಉಳಿದ ಕಪ್ಪನ್ನು ವಾಪಸು ಪಡೆಯಬೇಕು. ಇದನ್ನು ಚೆನ್ನಾಗಿ ಮಾಡುವುದು ಸಣ್ಣ ಮಾತಲ್ಲ. ಅದು ಅವರ ಮುಖ್ಯ ಕೆಲಸವೂ ಅಲ್ಲ. 50 ಸೀಟಿಗೆ ಒಬ್ಬರು ಇರಲೇಬೇಕು ಅನ್ನುವ ನಿಯಮ ಇರುವುದು ನೀರು ಕೊಡುವುದಕ್ಕಲ್ಲ, ಅವಘಡ ಆದರೆ ಜನರನ್ನು ಹೊರಗೆ ಕಳಿಸುವುದಕ್ಕೆ. ಬಾಗಿಲುಗಳಲ್ಲಿ ಅರ್ಧದಷ್ಟು ಮುಚ್ಚಿದ್ದರೂ 90 ಸೆಕೆಂಡಿನಲ್ಲಿ ಪೂರ್ತಿ ಖಾಲಿ ಮಾಡಬಹುದು ಅಂತ ತೋರಿಸಿದ ಮೇಲೆಯೇ ವಿಮಾನದ ಮಾದರಿಗೆ ಅನುಮತಿ ಸಿಗುತ್ತದೆ.

ವಿಳಂಬದ ಹೊತ್ತಿನಲ್ಲಿ ಇದೇ ಸಿಬ್ಬಂದಿ ಸಮಾಧಾನ ಹೇಳಬೇಕು. ಎಷ್ಟು ತಡ ಅಂತ ಅವರಿಗೂ ಗೊತ್ತಿರುವುದಿಲ್ಲ. ಇನ್ನೂ ವಿಚಿತ್ರ ಏನೆಂದರೆ, ಹಲವು ಕಂಪನಿಗಳಲ್ಲಿ ಅವರ ಗಂಟೆಯ ಸಂಬಳ ಶುರುವಾಗುವುದೇ ವಿಮಾನ ಅಲುಗಿದ ಮೇಲೆ. ಗೇಟಿನಲ್ಲಿ ನಿಂತು ಜನರನ್ನು ಹತ್ತಿಸಿ, ಬೈಗುಳ ತಿಂದ ಹೊತ್ತು ಲೆಕ್ಕಕ್ಕಿಲ್ಲ. 2022ರಲ್ಲಿ ಅಮೆರಿಕದ ಡೆಲ್ಟಾ ಕಂಪನಿ ಜನರನ್ನು ಹತ್ತಿಸುವ ಹೊತ್ತಿಗೆ ಅರ್ಧ ದರದಲ್ಲಿ ಸಂಬಳ ಕೊಡಲು ಶುರು ಮಾಡಿದಾಗ ಅದೇ ದೊಡ್ಡ ಸುದ್ದಿಯಾಯಿತು. 2025ರ ಆಗಸ್ಟ್‌ನಲ್ಲಿ ಏರ್ ಕೆನಡಾದ ಸುಮಾರು 10,000 ಸಿಬ್ಬಂದಿ ಮುಷ್ಕರಕ್ಕೆ ಇಳಿದಾಗ ಮುಂದಿಟ್ಟ ದೊಡ್ಡ ಬೇಡಿಕೆಗಳಲ್ಲಿ ಒಂದು ನೆಲದ ಮೇಲಿನ ಈ ಸಂಬಳವಿಲ್ಲದ ದುಡಿಮೆಯದ್ದು.

ನನ್ನ ಮಟ್ಟಿಗೆ ಇಲ್ಲಿ ಇಡೀ ವಿಷಯದ ತಿರುಳು ಇದೆ. ಒಳ್ಳೆಯ ನಡೆನುಡಿ ಕಂಪನಿಗೆ ಅಗ್ಗ. ತರಬೇತಿಯಲ್ಲಿ ಕಲಿಸಬಹುದು, ಜಾಹೀರಾತಿನಲ್ಲಿ ತೋರಿಸಬಹುದು. ಬಿಡುವು ದುಬಾರಿ. ಹೆಚ್ಚುವರಿ ವಿಮಾನವೊಂದನ್ನು ಸುಮ್ನೆ ನಿಲ್ಲಿಸಿಟ್ಟರೆ ಅದಕ್ಕೆ ದಿನಾ ಬಾಡಿಗೆ ಕಟ್ಟಬೇಕು, ಕೆಲಸ ಬಂದರೆ ಮಾಡಲಿ ಅಂತ ಕಾಯುವ ಪೈಲಟ್‌ಗಳಿಗೆ ಸಂಬಳ ಕೊಡಬೇಕು. ಅದು ಯಾವ ಪ್ರಯಾಣಿಕರ ಕಣ್ಣಿಗೂ ಬೀಳುವುದಿಲ್ಲ. ಟಿಕೆಟ್ ಕೊಳ್ಳುವಾಗ ದರ ನೋಡುತ್ತೇವೆ, ಹೊರಡುವ ಸಮಯ ನೋಡುತ್ತೇವೆ. ಈ ಕಂಪನಿ ಎಷ್ಟು ವಿಮಾನ ಖಾಲಿ ಇಟ್ಟಿದೆ ಅಂತ ಯಾರು ನೋಡುತ್ತಾರೆ?

ಸಿಬ್ಬಂದಿಯ ಕೆಲಸದ ಅವಧಿಗೂ ಮಿತಿ ಇದೆ. ಯುರೋಪಿನ ನಿಯಮದಲ್ಲಿ ದಿನಕ್ಕೆ ಸಾಮಾನ್ಯವಾಗಿ ಗರಿಷ್ಠ 13 ಗಂಟೆ. ಮೂರನೇ ಹಾರಾಟದಿಂದ ಮುಂದೆ ಪ್ರತಿಯೊಂದಕ್ಕೂ ಅರ್ಧ ಗಂಟೆಯಂತೆ ಇದು ಕಡಿಮೆಯಾಗುತ್ತದೆ. ಚಿಕ್ಕ ಚಿಕ್ಕ ಹಾರಾಟ ಮಾಡುವವರಿಗೆ ಬೇಗ ಅವಧಿ ಮುಗಿಯುತ್ತದೆ. ಆಗ ವಿಮಾನ ಇದೆ, ಪ್ರಯಾಣಿಕರಿದ್ದಾರೆ, ಹಾರಿಸುವವರಿಲ್ಲ. ಈ ನಿಯಮ ದಣಿದ ಪೈಲಟ್ ಕೈಗೆ ವಿಮಾನ ಕೊಡಬಾರದು ಅಂತ ಇರುವುದು, ಅದರ ಮೇಲೆ ಸಿಟ್ಟಾಗಿ ಪ್ರಯೋಜನವಿಲ್ಲ. ಮೀಸಲು ಇಲ್ಲದಿದ್ದರೆ ಏನಾಗುತ್ತದೆ ಅನ್ನುವುದು 2025ರ ಡಿಸೆಂಬರ್‌ನಲ್ಲಿ ಭಾರತದಲ್ಲಿ ಕಂಡಿತು. ಪೈಲಟ್‌ಗಳ ವಿಶ್ರಾಂತಿಯ ಹೊಸ ನಿಯಮಕ್ಕೆ ತಕ್ಕಷ್ಟು ಜನ ಸಾಲದೆ ಇಂಡಿಗೊ ಕೆಲವೇ ದಿನಗಳಲ್ಲಿ ಸಾವಿರಾರು ಹಾರಾಟ ರದ್ದು ಮಾಡಬೇಕಾಯಿತು.

ಪ್ರಯಾಣಿಕರ ಕೈಯಲ್ಲಿ ಇರುವುದು ಸ್ವಲ್ಪವೇ. ಸಾಧ್ಯವಾದರೆ ದಿನದ ಮೊದಲ ವಿಮಾನ ಹಿಡಿಯಿರಿ. ಸಾಮಾನ್ಯವಾಗಿ ಅದು ರಾತ್ರಿಯೇ ಬಂದು ನಿಂತಿರುತ್ತದೆ, ಎರವಲು ವಿಳಂಬ ಇರುವುದಿಲ್ಲ. ಸಂಜೆಯದ್ದೇ ಆಗಬೇಕಾದರೆ ಫ್ಲೈಟ್‌ರೇಡಾರ್24 ಥರದ ಆ್ಯಪ್‌ನಲ್ಲಿ ನಿಮ್ಮ ವಿಮಾನ ಈಗ ಎಲ್ಲಿದೆ ಅಂತ ನೋಡಿ. ಬೋರ್ಡಿನಲ್ಲಿ ‘20 ನಿಮಿಷ ತಡ’ ಅಂತ ಇದ್ದು, ವಿಮಾನ ಇನ್ನೂ ಹಿಂದಿನ ಊರನ್ನೇ ಬಿಟ್ಟಿಲ್ಲ ಅಂದರೆ ಆ 20 ನಿಮಿಷ ನಂಬಬೇಡಿ. ಹಾಗಂತ ಗೇಟು ಬಿಟ್ಟು ದೂರವೂ ಹೋಗಬೇಡಿ. ಇಪ್ಪತ್ತಿಪ್ಪತ್ತು ನಿಮಿಷವನ್ನೇ ಕಂತಿನಲ್ಲಿ ಹೇಳುವುದಕ್ಕೆ ಒಂದು ಕಾರಣ, ಹೊಸ ಸರದಿ ಬೇಗ ಸಿಕ್ಕಿಬಿಟ್ಟರೆ ಜನ ಹತ್ತಿರದಲ್ಲೇ ಇರಲಿ ಅಂತ.

ಕಾನೂನಿನ ಆಸರೆ ದೇಶದಿಂದ ದೇಶಕ್ಕೆ ಬೇರೆ. ಅಮೆರಿಕದಲ್ಲಿ 2010ರಿಂದ ದೇಶದೊಳಗಿನ ವಿಮಾನದಲ್ಲಿ ಜನರನ್ನು ಕೂರಿಸಿ ನೆಲದ ಮೇಲೆ 3 ಗಂಟೆಗಿಂತ ಹೆಚ್ಚು ನಿಲ್ಲಿಸುವಂತಿಲ್ಲ, ಸುರಕ್ಷತೆಯಂಥ ಕಾರಣ ಬಿಟ್ಟು. ಭಾರತದಲ್ಲಿ ಎರಡೂವರೆ ಗಂಟೆಯೊಳಗಿನ ಹಾರಾಟ 2 ಗಂಟೆ ತಡವಾದರೆ ಊಟ ಉಪಾಹಾರ ಕೊಡಬೇಕು. ಬಿಗಿಯಾದದ್ದು ಯುರೋಪಿನದು. 2004ರ ನಿಯಮ, ಅದಕ್ಕೆ 2009ರಲ್ಲಿ ನ್ಯಾಯಾಲಯ ಕೊಟ್ಟ ವಿವರಣೆ, ಎರಡೂ ಸೇರಿ 3 ಗಂಟೆ ತಡವಾಗಿ ತಲುಪಿದರೆ ನಗದು ಪರಿಹಾರ, ಕಂಪನಿಯ ಕೈಮೀರಿದ ಕಾರಣ ಇಲ್ಲದಿದ್ದರೆ. ತಲುಪುವುದು ಅಂದರೆ ಯಾವಾಗ ಅಂತಲೂ ಜಗಳ ಆಯಿತು. 2014ರಲ್ಲಿ ಅದೇ ನ್ಯಾಯಾಲಯ ಹೇಳಿತು: ಚಕ್ರ ನೆಲ ಮುಟ್ಟಿದಾಗ ಅಲ್ಲ, ಗೇಟಿಗೆ ಬಂದಾಗಲೂ ಅಲ್ಲ, ಒಂದಾದರೂ ಬಾಗಿಲು ತೆರೆದು ಇಳಿಯಬಹುದು ಅಂತಾದಾಗ.

2025ರ ಜೂನ್‌ನಲ್ಲಿ ಯುರೋಪಿನ ಸರ್ಕಾರಗಳು ಈ 3 ಗಂಟೆಯನ್ನು 3,500 ಕಿಲೋಮೀಟರ್‌ವರೆಗಿನ ಹಾರಾಟಕ್ಕೆ 4 ಗಂಟೆ ಮಾಡೋಣ ಅಂತ ಒಪ್ಪಿಕೊಂಡವು. ಸಮಯ ಸಿಕ್ಕರೆ ಕಂಪನಿಗಳು ಬೇರೆ ವಿಮಾನ ತಂದು ಜನರನ್ನು ಕಳಿಸುತ್ತವೆ, ರದ್ದು ಮಾಡುವುದಿಲ್ಲ ಅನ್ನುವುದು ವಾದ. ಯುರೋಪಿನ ಸಂಸತ್ತಿನ ಸದಸ್ಯರು 3 ಗಂಟೆಯೇ ಇರಲಿ ಅಂತ ಎದುರು ನಿಂತರು. ನನಗೆ ಸಂಸತ್ತಿನವರ ಮಾತೇ ಸರಿ ಅನ್ನಿಸುತ್ತದೆ. ಬೇರೆ ವಿಮಾನ ತರಬೇಕಾದರೆ ಅದನ್ನು ಮೊದಲೇ ಎಲ್ಲಾದರೂ ನಿಲ್ಲಿಸಿಟ್ಟಿರಬೇಕಲ್ಲ. ಆ ಖರ್ಚನ್ನು ಕಂಪನಿ ಮಾಡುವಂತೆ ಒತ್ತುವ ಗಡುವನ್ನೇ ಸಡಿಲ ಮಾಡಿದರೆ, ನಲವತ್ತು ನಿಮಿಷದ ಹಾರಾಟಕ್ಕೆ 3 ಗಂಟೆ 50 ನಿಮಿಷ ಕಾದವರಿಗೆ ಸಿಗುವುದು ಉಪಾಹಾರದ ಕೂಪನ್ ಮಾತ್ರ.